ಬೆನ್ನಿನ ಮೇಲಿನ ಜೀರ್ಣಬಿಂದು: ಎಲ್ಲಿದೆ, ಒತ್ತುವುದು ಹೇಗೆ, ಯಾವಾಗ ಒತ್ತಬಾರದು

ತುಮಕೂರು, ಶಿರಾ, ಮಧುಗಿರಿ, ಪಾವಗಡ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಊಟವಾದ ಮೇಲೆ ಹೊಟ್ಟೆ ಕಲ್ಲಿನಂತಾಗುತ್ತದೆ, ಹುಳಿತೇಗು ಬರುತ್ತದೆ. ಬೆನ್ನಿನಲ್ಲಿ ಒಂದು ಜಾಗ ಒತ್ತಿದರೆ ಹಗುರಾಗುತ್ತದಂತೆ. ಅದು ಎಲ್ಲಿದೆ?" ಮೊಬೈಲಿನಲ್ಲಿ ಹರಿದಾಡುವ ಚಿತ್ರಗಳನ್ನು ನೋಡಿ ಒತ್ತಿಕೊಂಡವರಲ್ಲಿ ಹೆಚ್ಚಿನವರು ಒಂದೋ ಸೊಂಟದ ಹತ್ತಿರ ಒತ್ತುತ್ತಿದ್ದಾರೆ, ಇಲ್ಲವೇ ನೇರವಾಗಿ ಬೆನ್ನೆಲುಬಿನ ಮೇಲೆಯೇ ಹೆಬ್ಬೆರಳು ಊರುತ್ತಿದ್ದಾರೆ. ಮೊದಲನೆಯದರಿಂದ ಪ್ರಯೋಜನವಿಲ್ಲ. ಎರಡನೆಯದರಿಂದ ತೊಂದರೆಯಾಗಬಹುದು. ಅದಕ್ಕಾಗಿ ಈ ಬರಹ.

ಇದು ಬೆರಳಿನಿಂದ ಒತ್ತುವ ವಿಧಾನ, ಅಂದರೆ ಆಕ್ಯುಪ್ರೆಷರ್. ಸೂಜಿ ಚುಚ್ಚುವ ಆಕ್ಯುಪಂಕ್ಚರ್ ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಬಿಂದುವಿನ ಹೆಸರು ಮತ್ತು ಅರ್ಥ

ಚೀನೀ ವೈದ್ಯದಲ್ಲಿ ಈ ಬಿಂದುವಿಗೆ 'ಪೀಶೂ' ಎಂಬ ಹೆಸರಿದೆ. 'ಪೀ' ಎಂದರೆ ಗುಲ್ಮ, 'ಶೂ' ಎಂದರೆ ಸಾಗಿಸುವುದು. ಇದು ಮೂತ್ರಕೋಶದ ನಾಡಿಪಥದಲ್ಲಿ ಇಪ್ಪತ್ತನೆಯದು. ನಾಡಿಪಥ ಎಂದರೆ ಶಕ್ತಿ ಹರಿಯುತ್ತದೆ ಎಂದು ಆ ವೈದ್ಯ ನಂಬುವ ಗೆರೆ. ಈ ಗೆರೆಯ ಮೇಲೆ ಒಟ್ಟು 67 ಬಿಂದುಗಳಿವೆ. ಪುಸ್ತಕಗಳಲ್ಲಿ ಇದನ್ನು 'ಬಿಎಲ್ 20' ಎಂದು ಬರೆಯುತ್ತಾರೆ. ನಮ್ಮ ದೇಶದ ಹಲವು ಪುಸ್ತಕಗಳಲ್ಲಿ 'ಯುಬಿ 20' ಎಂದಿರುತ್ತದೆ. ಎರಡೂ ಒಂದೇ, ಗೊಂದಲ ಬೇಡ. ಇದರ ಕೆಳಗಿನ ಬೆನ್ನೆಲುಬಿನ ಮಣಿಯ ಪಕ್ಕದಲ್ಲಿ 'ವೇಶೂ' ಇದೆ, ಅದು ಜಠರದ ಬಿಂದು, ಇಪ್ಪತ್ತೊಂದನೆಯದು. ಜೀರ್ಣದ ತೊಂದರೆಗೆ ಇವೆರಡನ್ನೂ ಜೊತೆಯಾಗಿಯೇ ಒತ್ತುವುದು ರೂಢಿ.

ಗುಲ್ಮಕ್ಕೂ ಜೀರ್ಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಆಧುನಿಕ ವೈದ್ಯದ ಪ್ರಕಾರ ಗುಲ್ಮ ರಕ್ತವನ್ನು ಸೋಸುವ, ರೋಗನಿರೋಧಕ್ಕೆ ನೆರವಾಗುವ ಅಂಗ. ಅನ್ನ ಅರಗಿಸುವ ಕೆಲಸ ಅದರದ್ದಲ್ಲ. ಚೀನೀ ವೈದ್ಯರು 'ಪೀ' ಎಂದಾಗ ಹೇಳುವುದು ಆ ಅಂಗವೊಂದನ್ನೇ ಅಲ್ಲ, ಉಂಡದ್ದನ್ನು ಸಾರವಾಗಿ ಮಾಡಿ ಮೈಗೆ ಹಂಚುವ ಇಡೀ ವ್ಯವಸ್ಥೆಯನ್ನು. ಹಾಗಾಗಿ ಈ ಬಿಂದು ಒತ್ತಿದರೆ ಗುಲ್ಮದ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಪುರಾವೆಯ ಮಾತನ್ನೂ ಮುಚ್ಚಿಡದೆ ಹೇಳಬೇಕು. ವಾಕರಿಕೆಗೆ ಮಣಿಕಟ್ಟಿನ ಒಳಬದಿಯ ಬಿಂದುವನ್ನು ಒತ್ತುವ ಕುರಿತು, ಅದರಲ್ಲೂ ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಯ ಕುರಿತು, ಸಾಕಷ್ಟು ಅಧ್ಯಯನ ನಡೆದಿದೆ. ಬೆನ್ನಿನ ಈ ಬಿಂದುವನ್ನು ಬರಿಗೈಯಿಂದ ಒತ್ತುವುದಕ್ಕೆ ಅಷ್ಟು ಗಟ್ಟಿಯಾದ ಪುರಾವೆ ಇಲ್ಲ. ಆದರೂ ನಾನು ಇದನ್ನು ಹೇಳಿಕೊಡುತ್ತೇನೆ. ಬಿಗಿದ ಬೆನ್ನು ಸಡಿಲವಾಗುತ್ತದೆ, ಉಸಿರು ನಿಧಾನವಾಗುತ್ತದೆ, ಹತ್ತು ನಿಮಿಷ ಮೈ ಮನಸ್ಸು ಸುಮ್ಮನಿರುತ್ತವೆ. ಆತಂಕದಲ್ಲಿರುವ ಮೈಯಲ್ಲಿ ಜೀರ್ಣಕ್ರಿಯೆ ಹಿಂದೆ ಬೀಳುತ್ತದೆ. ನೆಮ್ಮದಿಯಲ್ಲಿ ಅದು ಮತ್ತೆ ಹಳಿಗೆ ಬರುತ್ತದೆ. ಊಟದ ಶಿಸ್ತಿಗೆ ಇದು ಜೊತೆಗಾರ. ಔಷಧಿಗೆ ಬದಲಿಯಲ್ಲ.

ಮೊದಲು ಇದನ್ನು ಓದಿ: ಯಾರು ಒತ್ತಿಸಿಕೊಳ್ಳಬಾರದು

ಸಾಮಾನ್ಯವಾಗಿ ಎಚ್ಚರಿಕೆಗಳು ಲೇಖನದ ಕೊನೆಯಲ್ಲಿರುತ್ತವೆ, ಅಲ್ಲಿಯವರೆಗೆ ಯಾರೂ ಓದುವುದಿಲ್ಲ. ಅದಕ್ಕೇ ಇಲ್ಲೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಎದೆಯಿಂದ ಹೊಕ್ಕುಳಿನವರೆಗೆ ಎಲ್ಲಿ ನೋವು ಬಂದರೂ 'ಗ್ಯಾಸ್ಟ್ರಿಕ್' ಎನ್ನುತ್ತೇವೆ. ಹೃದಯಾಘಾತದ ನೋವು ಕೂಡ ಮೇಲುಹೊಟ್ಟೆಯಲ್ಲಿ ಉರಿಯಂತೆ, ತೇಗಿನಂತೆ, ವಾಕರಿಕೆಯಂತೆ ಕಾಣಿಸಿಕೊಳ್ಳಬಹುದು. ಮಧುಮೇಹ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಇದು ಹೆಚ್ಚು. ಹೊಟ್ಟೆಯುರಿಯ ಜೊತೆಗೆ ಬೆವರು, ಉಸಿರುಕಟ್ಟುವಿಕೆ, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಲೆಸುತ್ತು ಇದ್ದರೆ ಬೆನ್ನು ಒತ್ತುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದಕ್ಕೆಂದೇ ರಾಜ್ಯದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಅಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ.

ಎರಡನೆಯದು ಮೂತ್ರಪಿಂಡದ ಕಲ್ಲು. ನಾವು ಒತ್ತುವ ಜಾಗದ ಆಸುಪಾಸಿನಲ್ಲೇ, ಕೊನೆಯ ಪಕ್ಕೆಲುಬಿನ ಕೆಳಗೆ, ಆ ನೋವು ಹುಟ್ಟುತ್ತದೆ. ಒಂದೇ ಬದಿಗೆ ಅಲೆ ಅಲೆಯಾಗಿ ಬಂದು, ಪಕ್ಕೆಯಿಂದ ತೊಡೆಸಂದಿನ ಕಡೆಗೆ ಇಳಿದರೆ ಅದು ಅಜೀರ್ಣವಲ್ಲ. ಮೂರನೆಯದು ಸರ್ಪಸುತ್ತು. ಬೊಬ್ಬೆ ಏಳುವ ಒಂದೆರಡು ದಿನ ಮೊದಲೇ ಬೆನ್ನಿನಿಂದ ಹೊಟ್ಟೆಗೆ ಪಟ್ಟಿಯಂತೆ ಒಂದು ಬದಿಯಲ್ಲಿ ಮಾತ್ರ ಉರಿ ಸುತ್ತಿಕೊಳ್ಳುತ್ತದೆ. ಚರ್ಮಕ್ಕೆ ಬಟ್ಟೆ ತಾಗಿದರೂ ನೋಯುತ್ತಿದ್ದರೆ ಒತ್ತಬೇಡಿ, ಬೇಗ ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ಆರಂಭದಲ್ಲೇ ಕೊಟ್ಟರೆ ಹೆಚ್ಚು ಉಪಯೋಗ.

ನಾಲ್ಕನೆಯದನ್ನು ಪಾವಗಡ, ಶಿರಾ, ಬಾಗೇಪಲ್ಲಿ ಕಡೆಯವರು ಗಮನವಿಟ್ಟು ಓದಬೇಕು. ಈ ಪ್ರದೇಶದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದವರಲ್ಲಿ ಬೆನ್ನೆಲುಬಿನ ಸುತ್ತಲಿನ ಕಟ್ಟುಗಳು ಸುಣ್ಣಗಟ್ಟಿ ಬೆನ್ನು ಮರದ ಹಾಗೆ ಬಿಗಿಯಾಗಬಹುದು. ಅಂಥ ಬೆನ್ನನ್ನು ಭಾರ ಬಿಟ್ಟು ಒತ್ತಬಾರದು. ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಫ್ಲೋರೈಡ್ ಜಠರದ ಒಳಪದರವನ್ನೂ ಕೆಣಕುತ್ತದೆ. ಹೊಟ್ಟೆಯುಬ್ಬರ, ವಾಕರಿಕೆ, ಹಸಿವಿಲ್ಲದಿರುವುದು ಅದರ ಆರಂಭದ ಗುರುತುಗಳಾಗಿರಬಹುದು. ಮನೆಮಂದಿಗೆಲ್ಲ ಹೊಟ್ಟೆಯ ತೊಂದರೆ, ಜೊತೆಗೆ ಕೀಲು ಬಿಗಿತ, ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಇದ್ದರೆ, ಒತ್ತುವ ಮೊದಲು ನೀರನ್ನು ಪರೀಕ್ಷೆ ಮಾಡಿಸಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಕುಡಿಯುವುದಕ್ಕೆ ಮಾತ್ರವಲ್ಲ, ಅನ್ನ, ಸಾರು, ಮುದ್ದೆಯ ಎಸರಿಗೂ ಬಳಸಿ.

ಉಳಿದವರನ್ನು ಬೇಗ ಹೇಳಿಬಿಡುತ್ತೇನೆ. ಗರ್ಭಿಣಿಯರು, ಮೂಳೆ ಸವೆದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಬೆನ್ನಿನ ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಜ್ವರ ಇರುವವರು ವೈದ್ಯರನ್ನು ಕೇಳದೆ ಒತ್ತಿಸಿಕೊಳ್ಳಬಾರದು. ಚಿಕ್ಕ ಮಕ್ಕಳ ಬೆನ್ನನ್ನು ಸವರಿದರೆ ಸಾಕು, ಒತ್ತುವುದು ಬೇಡ.

ಬೇಕಾಗುವ ವಸ್ತುಗಳು

ಚಾಪೆ ಅಥವಾ ಬೆನ್ನೊರಗು ಇರುವ ಕುರ್ಚಿ, ಒಂದು ದಿಂಬು, ತೆಳುವಾದ ಹತ್ತಿ ಬಟ್ಟೆ, ಗುರುತು ಹಾಕಲು ವಿಭೂತಿ ಅಥವಾ ಪೆನ್ನು. ಒತ್ತುವವರ ಉಗುರು ಕತ್ತರಿಸಿರಬೇಕು. ಎಣ್ಣೆ ಬೇಡ, ಬೆರಳು ಜಾರಿ ಬಿಂದು ತಪ್ಪುತ್ತದೆ. ಎಣ್ಣೆ ಹಚ್ಚಲೇಬೇಕೆಂದರೆ ಕೊನೆಯಲ್ಲಿ ಸವರುವಾಗ ಹಚ್ಚಿ.

ಹೊತ್ತು ಮುಖ್ಯ. ಊಟವಾಗಿ ಒಂದೂವರೆ ಗಂಟೆಯಾದರೂ ಆಗಿರಬೇಕು. ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವ ತುಮಕೂರಿನವರಿಗೆ ಇದೇ ಕಷ್ಟ. ರಾತ್ರಿ ಒಂಬತ್ತಕ್ಕೆ ಮನೆ ಸೇರಿ, ಒಂಬತ್ತೂವರೆಗೆ ಉಂಡು, ಹತ್ತಕ್ಕೆ ಮಲಗುವವರು ಯಾವಾಗ ಒತ್ತಿಸಿಕೊಳ್ಳಬೇಕು? ಊಟಕ್ಕೆ ಮೊದಲೇ ಒತ್ತಿಸಿಕೊಳ್ಳಿ. ಮನೆಗೆ ಬಂದು ಕೈಕಾಲು ತೊಳೆದು, ಹತ್ತು ನಿಮಿಷ ಸುಧಾರಿಸಿಕೊಂಡು ಒತ್ತಿಸಿಕೊಳ್ಳಿ, ಆಮೇಲೆ ಊಟ ಮಾಡಿ. ಹಸಿವಿನಿಂದ ಕೈಕಾಲು ನಡುಗುತ್ತಿದ್ದರೆ ಮಾತ್ರ ಅಂದು ಬಿಟ್ಟುಬಿಡಿ.

ಹಂತ 1: ಬೆನ್ನೆಲುಬಿನ ಮಣಿ ಎಣಿಸುವುದು

ಇಡೀ ವಿಧಾನದಲ್ಲಿ ಕಷ್ಟದ ಭಾಗ ಇದೊಂದೇ. ಇದನ್ನು ಸರಿಯಾಗಿ ಮಾಡಿದರೆ ಉಳಿದದ್ದು ಸುಲಭ.

ಕತ್ತಿನ ಕೆಳಗಿನಿಂದ ಸೊಂಟದ ಮೇಲಿನವರೆಗೆ, ಪಕ್ಕೆಲುಬುಗಳು ಕೂಡಿಕೊಳ್ಳುವ ಮಣಿಗಳು ಹನ್ನೆರಡು. ನಮಗೆ ಬೇಕಾದವು ಹನ್ನೊಂದನೆಯದು ಮತ್ತು ಹನ್ನೆರಡನೆಯದು. ಬೆನ್ನಿನ ನಡುಗೆರೆಯಲ್ಲಿ ಬೆರಳಿಗೆ ಸಿಗುವ ಉಬ್ಬು ಆಯಾ ಮಣಿಯ ಹಿಂಬದಿಯ ತುದಿ. ಅದನ್ನು ಇಲ್ಲಿ 'ಗಂಟು' ಎನ್ನುತ್ತೇನೆ.

ಒತ್ತಿಸಿಕೊಳ್ಳುವವರು ನೆಟ್ಟಗೆ ಕುಳಿತು ಕೈಗಳನ್ನು ಇಳಿಬಿಡಲಿ. ಹೆಗಲ ಹಿಂದಿನ ರೆಕ್ಕೆಮೂಳೆಯ ಕೆಳತುದಿಯನ್ನು ಎರಡೂ ಕಡೆ ಹೆಬ್ಬೆರಳಿನಿಂದ ಹುಡುಕಿ. ಎರಡು ತುದಿಗಳನ್ನು ಸೇರಿಸುವ ಗೆರೆಯನ್ನು ಮನಸ್ಸಿನಲ್ಲಿ ಎಳೆದರೆ ಅದು ನಡುಬೆನ್ನಿನಲ್ಲಿ ಏಳನೆಯ ಗಂಟಿನ ಮಟ್ಟದಲ್ಲಿ ಹಾಯುತ್ತದೆ. ಅಲ್ಲಿಂದ ಕೆಳಗೆ ಎಂಟು, ಒಂಬತ್ತು, ಹತ್ತು, ಹನ್ನೊಂದು ಎಂದು ಎಣಿಸಿ. ಹನ್ನೊಂದನೆಯ ಗಂಟಿನ ಕೆಳಗಿನ ತಗ್ಗಿನಲ್ಲಿ ಚುಕ್ಕೆ ಇಡಿ. ಗಂಟು ಕೈಗೆ ಸಿಗದಿದ್ದರೆ ಸ್ವಲ್ಪ ಮುಂದಕ್ಕೆ ಬಾಗಲು ಹೇಳಿ, ಅವು ಎದ್ದು ಕಾಣುತ್ತವೆ.

ಈಗ ಕೆಳಗಿನಿಂದ ತಾಳೆ ನೋಡಿ. ಸೊಂಟದ ಎರಡೂ ಪಕ್ಕದ ಮೂಳೆಯ ಮೇಲಂಚಿನ ಮೇಲೆ ಅಂಗೈ ಇಟ್ಟು ಹೆಬ್ಬೆರಳುಗಳನ್ನು ನಡುಬೆನ್ನಿಗೆ ಚಾಚಿ. ಅವು ಕೂಡುವಲ್ಲಿ ಸಿಗುವುದು ಸೊಂಟದ ನಾಲ್ಕನೆಯ ಮಣಿ. ಅಲ್ಲಿಂದ ಮೇಲಕ್ಕೆ ಮೂರು, ಎರಡು, ಒಂದು. ಆಮೇಲೆ ಬೆನ್ನಿನ ಹನ್ನೆರಡು, ಹನ್ನೊಂದು. ಅಂದರೆ ಐದು ಗಂಟು ಮೇಲೆ. ಎರಡೂ ಎಣಿಕೆ ಒಂದೇ ಜಾಗಕ್ಕೆ ಬಂದರೆ ಖಚಿತ. ಒಂದು ಗಂಟಿನ ವ್ಯತ್ಯಾಸ ಬಂದರೆ ಚಿಂತೆ ಬೇಡ. ಮೇಲಿನ ಮತ್ತು ಕೆಳಗಿನ ಬಿಂದುಗಳೆರಡನ್ನೂ ನಾವು ಒತ್ತುವುದರಿಂದ ಅಷ್ಟು ತಪ್ಪು ನಡೆಯುತ್ತದೆ. ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಮೊದಲಿನಿಂದ ಎಣಿಸಿ.

ಸಾಮಾನ್ಯ ತಪ್ಪು: ಬೋರಲು ಮಲಗಿಸಿ, ಕೈಗಳನ್ನು ತಲೆಯ ಕೆಳಗೆ ಮಡಿಸಿಕೊಂಡಿರುವಾಗ ಎಣಿಸುವುದು. ಆಗ ರೆಕ್ಕೆಮೂಳೆ ತಿರುಗಿ ಪಕ್ಕಕ್ಕೆ, ಮೇಲಕ್ಕೆ ಸರಿದಿರುತ್ತದೆ. ನಿಮ್ಮ ಎಣಿಕೆಯೆಲ್ಲ ಒಂದು ಮಣಿ ಮೇಲಕ್ಕೆ ಹೋಗುತ್ತದೆ.

ಹಂತ 2: ಪಕ್ಕಕ್ಕೆ ಅಳೆಯುವುದು

ಚುಕ್ಕೆಯಿಂದ ಎಡಕ್ಕೂ ಬಲಕ್ಕೂ ಒಂದೂವರೆ 'ತ್ಸುನ್' ದೂರದಲ್ಲಿ ಬಿಂದುಗಳಿವೆ. ತ್ಸುನ್ ಎಂದರೆ ದೇಹದ ಅಂಗುಲ. ಸೆಂಟಿಮೀಟರಿನಂತೆ ಎಲ್ಲರಿಗೂ ಒಂದೇ ಅಲ್ಲ, ಅವರವರ ಮೈಗೆ ಅವರವರ ಅಳತೆ. ಹೆಬ್ಬೆರಳಿನ ಗೆಣ್ಣಿನ ಅಗಲ ಒಂದು ತ್ಸುನ್. ತೋರುಬೆರಳು ಮತ್ತು ನಡುಬೆರಳು ಜೋಡಿಸಿದರೆ ಒಂದೂವರೆ. ನಾಲ್ಕು ಬೆರಳು ಜೋಡಿಸಿದರೆ ಮೂರು.

ಇಲ್ಲಿ ಎಡವುವವರು ಬಹಳ. ಅಳೆಯಬೇಕಾದದ್ದು ಒತ್ತಿಸಿಕೊಳ್ಳುವವರ ಬೆರಳಿನಲ್ಲಿ, ಒತ್ತುವವರ ಬೆರಳಿನಲ್ಲಿ ಅಲ್ಲ. ಹೊಲಗೆಲಸ ಮಾಡಿದ ಮಗನ ದಪ್ಪ ಬೆರಳಿನಿಂದ ಸಣಕಲು ಅಮ್ಮನ ಬೆನ್ನು ಅಳೆದರೆ ಬಿಂದು ಹೊರಕ್ಕೆ ಹೋಗುತ್ತದೆ. ಅಮ್ಮನ ಎರಡು ಬೆರಳಿನ ಅಗಲವನ್ನು ಒಂದು ತೆಂಗಿನಗರಿಯ ಕಡ್ಡಿಯಲ್ಲಿ ಮುರಿದುಕೊಳ್ಳಿ, ಆ ಕಡ್ಡಿಯಿಂದ ಬೆನ್ನು ಅಳೆಯಿರಿ. ಇನ್ನೊಂದು ತಾಳೆ: ಕೈ ಇಳಿಬಿಟ್ಟಾಗ ನಡುಬೆನ್ನಿನಿಂದ ರೆಕ್ಕೆಮೂಳೆಯ ಒಳಅಂಚಿಗೆ ಮೂರು ತ್ಸುನ್. ಅದರ ಅರ್ಧಕ್ಕೆ ನೇರ ಕೆಳಗೆ ನಿಮ್ಮ ಬಿಂದು ಬರಬೇಕು.

ಜಾಗ ಸರಿಯಿದ್ದರೆ ಬೆರಳ ಕೆಳಗೆ ಹಗ್ಗದಂತೆ ಉದ್ದಕ್ಕೆ ಹರಿದ ಸ್ನಾಯುವಿನ ದಿಂಡು ಸಿಗುತ್ತದೆ. ಮೂಳೆ ಸಿಗಬಾರದು. ಹನ್ನೆರಡನೆಯ ಗಂಟಿನ ಕೆಳಗೂ ಇದೇ ರೀತಿ ಅಳೆದು, ಒಟ್ಟು ನಾಲ್ಕು ಚುಕ್ಕೆ ಇಡಿ.

ಹಂತ 3: ಭಂಗಿ

ಹೊಟ್ಟೆ ಉಬ್ಬರಿಸಿರುವವರನ್ನು ಬೋರಲು ಮಲಗಿಸಬೇಡಿ. ಕುರ್ಚಿಯಲ್ಲಿ ಹಿಂದುಮುಂದಾಗಿ ಕುಳಿತು, ಒರಗಿನ ಮೇಲೆ ದಿಂಬಿಟ್ಟು ಅದನ್ನು ತಬ್ಬಿಕೊಳ್ಳಲಿ. ಉಳಿದವರು ಚಾಪೆಯ ಮೇಲೆ ಬೋರಲಾಗಿ ಮಲಗಬಹುದು. ಭಂಗಿ ಬದಲಿಸಿದಾಗ ಚರ್ಮ ಸರಿದು ಚುಕ್ಕೆಯೂ ಸರಿಯುತ್ತದೆ, ಆದ್ದರಿಂದ ಬೆರಳಿನಿಂದ ಮತ್ತೊಮ್ಮೆ ಸ್ನಾಯುವಿನ ದಿಂಡನ್ನು ಹುಡುಕಿಕೊಳ್ಳಿ. ಮಂಚ ಬೇಡ. ಹಾಸಿಗೆ ಕುಸಿದರೆ ಒತ್ತಡ ಎಲ್ಲೋ ಹೋಗುತ್ತದೆ.

ಹಂತ 4: ಒತ್ತುವುದು

ಎರಡೂ ಹೆಬ್ಬೆರಳಿನ ಮೆತ್ತನೆಯ ಭಾಗವನ್ನು ಎಡ ಬಲ ಬಿಂದುಗಳ ಮೇಲೆ ಒಟ್ಟಿಗೆ ಇಡಿ. ತುದಿಯನ್ನಲ್ಲ, ಉಗುರಿನ ಹಿಂದಿನ ಮೆದುಭಾಗವನ್ನು. ಮೊಣಕೈ ನೇರವಾಗಿರಲಿ. ಬೆರಳಿನ ಬಲದಿಂದ ಚುಚ್ಚಬೇಡಿ. ನಿಮ್ಮ ಮೈಯನ್ನು ನಿಧಾನವಾಗಿ ಮುಂದಕ್ಕೆ ಒರಗಿಸಿದರೆ ಭಾರ ತಾನಾಗಿ ಇಳಿಯುತ್ತದೆ.

ಅವರು ಉಸಿರು ಬಿಡುವಾಗ ಒತ್ತಡ ಹೆಚ್ಚಿಸಿ. ಐದರಿಂದ ಏಳು ಎಣಿಸುವವರೆಗೆ ಹಾಗೇ ಇರಿ. ಉಸಿರು ಎಳೆದುಕೊಳ್ಳುವಾಗ ನಿಧಾನಕ್ಕೆ ಬಿಡಿ, ಬೆರಳನ್ನು ಪೂರ್ತಿ ಎತ್ತಬೇಡಿ. ಹೀಗೆ ಮೇಲಿನ ಜೋಡಿಯ ಮೇಲೆ ಎಂಟು ಸಲ, ಕೆಳಗಿನ ಜೋಡಿಯ ಮೇಲೆ ಎಂಟು ಸಲ. ನಡುವೆ ಒಂದು ನಿಮಿಷ ಬಿಡುವು. ಬೇಕಿದ್ದರೆ ಇನ್ನೊಂದು ಸುತ್ತು. ಒಟ್ಟು ಹತ್ತು ನಿಮಿಷ ಮೀರಬೇಡಿ.

ಎಷ್ಟು ಒತ್ತಬೇಕು ಎಂಬುದಕ್ಕೆ ಅಳತೆಗೋಲು ಒತ್ತಿಸಿಕೊಳ್ಳುವವರ ಉಸಿರು. ಬಿಂದುವಿನಲ್ಲಿ ಭಾರವಾದ, ಹಿತವಾದ ನೋವು ಬರಬೇಕು. ಆಹಾ ಎನಿಸಬೇಕು. ಉಸಿರು ಬಿಗಿ ಹಿಡಿದರೆ, ಹೆಗಲು ಮೇಲೆತ್ತಿದರೆ, ಮುಷ್ಟಿ ಬಿಗಿದರೆ ನೀವು ಹೆಚ್ಚು ಒತ್ತುತ್ತಿದ್ದೀರಿ ಎಂದೇ ಅರ್ಥ. ನಮ್ಮಲ್ಲಿ ಹಿರಿಯರು ನೋವಾದರೂ ಬಾಯಿಬಿಟ್ಟು ಹೇಳುವುದಿಲ್ಲ, ಅದರಲ್ಲೂ ಸೊಸೆ ಒತ್ತುತ್ತಿದ್ದರೆ ಅತ್ತೆ ಸಹಿಸಿಕೊಂಡು ಸುಮ್ಮನಿರುತ್ತಾರೆ. ಬಾಯಿಮಾತಿಗಿಂತ ಉಸಿರನ್ನು ನಂಬಿ. ಚುಚ್ಚಿದಂತೆ ನೋವು, ಕಾಲಿಗೆ ಜುಮ್ಮೆನ್ನುವುದು, ಹೊಟ್ಟೆನೋವು ಹೆಚ್ಚಾಗುವುದು ಕಂಡರೆ ಆ ಕ್ಷಣವೇ ನಿಲ್ಲಿಸಿ.

ಮಾಡಬಾರದ ಮೂರು ಕೆಲಸಗಳಿವೆ: ಮೊಣಕೈಯಿಂದ ಒತ್ತುವುದು, ಬೆನ್ನಿನ ಮೇಲೆ ಹತ್ತಿ ತುಳಿಸುವುದು, ಲಟಕ್ ಎಂದು ಶಬ್ದ ಬರಿಸುವುದು. ಕೊನೆಯ ಎರಡು ಪಕ್ಕೆಲುಬುಗಳ ಮುಂದಿನ ತುದಿಗೆ ಯಾವ ಆಸರೆಯೂ ಇಲ್ಲ, ಅವುಗಳ ಒಳಬದಿಯಲ್ಲೇ ಮೂತ್ರಪಿಂಡಗಳಿವೆ. ಅಲ್ಲಿ ಬಲಪ್ರಯೋಗಕ್ಕೆ ಜಾಗವಿಲ್ಲ.

ಹಂತ 5: ಕಾವು

ಒತ್ತಿದ ಮೇಲೆ ಐದು ನಿಮಿಷ ಬಿಸಿನೀರಿನ ಚೀಲವನ್ನೋ, ಹುರಿದ ಕಲ್ಲುಪ್ಪಿನ ಗಂಟನ್ನೋ ಬಟ್ಟೆಯಲ್ಲಿ ಸುತ್ತಿ ಇಡಿ. ಮೊದಲು ನಿಮ್ಮ ಮುಂಗೈಗೆ ತಾಗಿಸಿ ಬಿಸಿ ನೋಡಿಕೊಳ್ಳಿ. ಮಧುಮೇಹದಿಂದ ಸ್ಪರ್ಶ ಮಂದವಾಗಿರುವವರಿಗೆ ಕಾವು ಬೇಡ, ಸುಟ್ಟರೂ ತಿಳಿಯುವುದಿಲ್ಲ.

ಒಬ್ಬರೇ ಇದ್ದರೆ

ಎರಡು ಟೆನಿಸ್ ಚೆಂಡುಗಳನ್ನು ಕಾಲುಚೀಲದೊಳಗೆ ಹಾಕಿ ಗಂಟು ಕಟ್ಟಿ. ಗೋಡೆಗೆ ಬೆನ್ನು ಕೊಟ್ಟು ನಿಂತು, ಚೆಂಡುಗಳು ಬೆನ್ನೆಲುಬಿನ ಎರಡು ಪಕ್ಕಕ್ಕೆ ಬರುವಂತೆ ಇಟ್ಟು, ಮಂಡಿ ಸ್ವಲ್ಪ ಮಡಿಸಿ ಗೋಡೆಗೆ ಒರಗಿ. ನೆಲದ ಮೇಲೆ ಮಲಗಿ ಮಾಡಬೇಡಿ, ಇಡೀ ಮೈಯ ಭಾರ ಬೀಳುತ್ತದೆ. ಕ್ರಿಕೆಟ್ಟಿನ ಗಟ್ಟಿ ಚೆಂಡು ಬೇಡವೇ ಬೇಡ.

ಅದೂ ಆಗದವರು ಕಾಲಿನ ಬಿಂದುವನ್ನು ಒತ್ತಿಕೊಳ್ಳಲಿ. ಮಂಡಿ ಮಡಿಸಿ ಕುಳಿತರೆ ಮಂಡಿಚಿಪ್ಪಿನ ಕೆಳಗೆ ಹೊರಬದಿಯಲ್ಲಿ ಒಂದು ತಗ್ಗು ಇದೆ. ಅಲ್ಲಿಂದ ನಿಮ್ಮದೇ ನಾಲ್ಕು ಬೆರಳು ಕೆಳಗೆ, ಮುಂಗಾಲಿನ ಮೂಳೆಯ ಏಣಿನಿಂದ ಒಂದು ಬೆರಳು ಹೊರಗೆ. ಜಠರದ ನಾಡಿಪಥದ 36ನೆಯ ಬಿಂದು ಇದು. ಜೀರ್ಣಕ್ಕೆ ಚೀನೀ ವೈದ್ಯರು ಅತಿ ಹೆಚ್ಚು ಬಳಸುವ ಬಿಂದುಗಳಲ್ಲಿ ಒಂದು. ರೈಲಿನಲ್ಲಿ ಕುಳಿತೂ ಒತ್ತಿಕೊಳ್ಳಬಹುದು.

ಸೂಜಿ ಹಾಕಿಸಿಕೊಳ್ಳುವುದಾದರೆ

ಬೆನ್ನಿನ ಈ ಭಾಗದಲ್ಲಿ ಸೂಜಿಯನ್ನು ನೇರವಾಗಿ ಆಳಕ್ಕೆ ಇಳಿಸುವಂತಿಲ್ಲ. ಶ್ವಾಸಕೋಶದ ಹೊದಿಕೆ ಹಿಂಬದಿಯಲ್ಲಿ ಹನ್ನೆರಡನೆಯ ಮಣಿಯ ಮಟ್ಟದವರೆಗೂ ಇಳಿದಿರುತ್ತದೆ. ಅದು ತೂತಾದರೆ ಗಾಳಿ ಎದೆಗೂಡಿನೊಳಗೆ ಸೇರಿ ಶ್ವಾಸಕೋಶ ಕುಸಿಯಬಹುದು. ತರಬೇತಾದವರು ಸೂಜಿಯನ್ನು ಓರೆಯಾಗಿ, ಬೆನ್ನೆಲುಬಿನ ಕಡೆಗೆ, ಮೇಲುಮೇಲೆ ಹಾಕುತ್ತಾರೆ. ಪ್ರಕೃತಿ ಚಿಕಿತ್ಸೆ ಮತ್ತು ಯೋಗವಿಜ್ಞಾನದ ಪದವಿ ಪಡೆದ ವೈದ್ಯರು ಓದಿನ ಭಾಗವಾಗಿ ಆಕ್ಯುಪಂಕ್ಚರ್ ಕಲಿತಿರುತ್ತಾರೆ, ಅಂಥವರನ್ನು ಹುಡುಕಿ. ಏನು ಓದಿದ್ದೀರಿ ಎಂದು ಕೇಳಲು ಸಂಕೋಚ ಬೇಡ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಒಮ್ಮೆ ಬಳಸಿ ಎಸೆಯಬೇಕು. ಸೂಜಿ ಹಾಕಿಸಿಕೊಂಡ ದಿನ ಉಸಿರಾಡುವಾಗ ಎದೆ ಚುಚ್ಚಿದರೆ ಅಥವಾ ಏದುಸಿರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಬೆನ್ನಿಗೆ ಸೂಜಿ ಹಾಕಿಸಿಕೊಂಡದ್ದನ್ನು ಅಲ್ಲಿ ಮರೆಯದೆ ತಿಳಿಸಿ.

ಎಷ್ಟು ದಿನ?

ದಿನಕ್ಕೊಮ್ಮೆ, ವಾರಕ್ಕೆ ಐದು ದಿನ, ಎರಡು ವಾರ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಂಗತಿ ಬರೆಯಿರಿ: ಏನು ಉಂಡಿರಿ, ಎಷ್ಟು ಹೊತ್ತಿಗೆ ಉಂಡಿರಿ, ತೊಂದರೆ ಯಾವಾಗ ಬಂತು, ಯಾವ ಮಾತ್ರೆ ನುಂಗಿದಿರಿ. ಮಾತ್ರೆಯ ಸಾಲನ್ನು ಬಿಡಬೇಡಿ. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ, ಅದರಿಂದ ಬಂದ ಹೊಟ್ಟೆಯುರಿಗೆ ಇನ್ನೊಂದು ಮಾತ್ರೆ ನುಂಗುವವರು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಬೆನ್ನು ಒತ್ತುವುದಕ್ಕಿಂತ ಆ ಮೊದಲನೆಯ ಮಾತ್ರೆಯ ಬಗ್ಗೆ ವೈದ್ಯರೊಡನೆ ಮಾತಾಡುವುದೇ ದೊಡ್ಡ ಉಪಕಾರ.

ಎರಡು ವಾರದಲ್ಲಿ ಹಗುರಾಗದಿದ್ದರೆ ವೈದ್ಯರನ್ನು ಕಾಣಿ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ನುಂಗುವಾಗ ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಂತಾದರೆ, ಕಣ್ಣು ಹಳದಿಯಾದರೆ ಎರಡು ವಾರವೂ ಕಾಯಬೇಡಿ, ಅಂದೇ ಹೋಗಿ. ಹೋಗುವಾಗ ಆ ನೋಟ್‌ಬುಕ್ಕನ್ನೂ, ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.